ದ್ರಾಕ್ಷಿಗೆ ಹೋದ ಪಾಳಿ ನೀರು

ಇವತ್ತು ಮೋಟರ್ ಚಾಲೂ ಮಾಡಿದಾಗ ಬಿಸಿ ಮಣ್ಣಿಗೆ ನೀರು ಬಿದ್ದ ವಾಸನೆ ಬಂತು. ಅಜ್ಜಿ ನೆನಪಾದಳು.

ಉಗಾರ ಬುದ್ರುಕದ ನಮ್ಮ ಬಾವಿ ಎರಡು ಮನೆಗೆ ಸೇರಿದ್ದು. ನೀರು ಪಾಳಿ ಪ್ರಕಾರ. ನಾನು ಚಿಕ್ಕವಳಿದ್ದಾಗ ಒಮ್ಮೆ ಪಕ್ಕದ ಹೊಲದ ಕಾಕಾನ ದ್ರಾಕ್ಷಿ ಬಾಡುತ್ತಿತ್ತು; ತನ್ನ ಸೋಮವಾರದ ಪಾಳಿ ಕೊಡುತ್ತೇನೆ ಎಂದಿದ್ದಳು ಅಜ್ಜಿ. ಅಷ್ಟರಲ್ಲಿ ನಮ್ಮ ಕಬ್ಬೂ ಒಣಗತೊಡಗಿತು.

"ಹೆಂಗಸರ ಮಾತು ಯಾರ ಹಿಡದ ಕೇಳ್ತಾರ, ಬಿಡಬೇ" ಎಂದ ಅಪ್ಪ.

ಅಜ್ಜಿ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು, ನೀರನ್ನು ದ್ರಾಕ್ಷಿಗೇ ತಿರುಗಿಸಿದಳು.

ಕಾಕಾ ಕೈಮುಗಿದ. "ಕಾಕೂ, ನೀವು ಗಂಡಸಾಗಿ ಹುಟ್ಟಬೇಕಿತ್ರಿ."

"ಯಾಕಪಾ? ಮಾತ ಕೊಟ್ಟಾಗೂ ನಾ ಹೆಂಗಸ ಇದ್ನಿ."

ಇವತ್ತು, ಮೊದಲೇ ಮಾತು ಕೊಟ್ಟಿದ್ದಂತೆ, ನನ್ನ ಪಾಳಿಯನ್ನು ಆ ಕಾಕಾನ ಮಗನಿಗೆ ಬಿಟ್ಟೆ. "ಗಂಡಸರಂಗ ಮಾತ ಉಳಿಸಿದ್ರಿ ಅಕ್ಕಾ" ಎಂದ.

"ಅಲ್ಲಪಾ," ಎಂದೆ, "ನಮ್ಮಜ್ಜಿಯಂಗ."