ಸಾಹುಕಾರರ ಕಾರಿನ ಹಿಂದಿನ ಗಾಲಿ

ಭೀಮಣ್ಣಾ, ಸಾಹುಕಾರರ ಕಾರಿನ ಗಾಲಿ ಕಳಚಿದ್ದು ನಿನ್ನ ಮರೆವಿನಿಂದಲ್ಲ. ನನ್ನ ಕೈಯಿಂದ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ. ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದು ಒಗೆದಿದ್ದೇನೆ, ಇದು ನಾಲ್ಕನೆಯದು.

ನಮ್ಮ ಶಹಾಬಾದಿನ ಕಲ್ಲುಗಣಿ ಸಾಹುಕಾರರು ಹೈದರಾಬಾದಿನ ಯಾವುದೋ ಹಳೇ ನವಾಬರ ಮನೆಯಿಂದ ಆ ಕಾರು ಕೊಂಡು ತಂದಿದ್ದರು. ಇಂಗ್ಲೆಂಡಿನ ಓಟದ ಕಾರು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಸೈಕಲ್ಲಿನಂತೆ ಕಡ್ಡಿಯ ಗಾಲಿ. ಗೂಡ್ಸ್ ಗಾಡಿಯಲ್ಲಿ ವಾಡಿಗೆ ಬಂದಿಳಿದಾಗ ಸೀಟಿನೊಳಗೆ ಇಲಿ ಮರಿ ಹಾಕಿತ್ತು. ನೀನು ಅವರ ಡ್ರೈವರ್, ಸುತ್ತಲೂ ಒಂದು ಸುತ್ತು ಹಾಕಿ, "ಮಾಣಿಕಪ್ಪಾ, ಇದಕ್ಕ ಡ್ರೈವರ್ ಯಾಕ ಬೇಕು? ಎರಡು ಎತ್ತು ಕಟ್ಟಿದ್ರ ಸಾಕು" ಅಂತ ನಕ್ಕೆ. ನನಗೆ ಮೈಯೆಲ್ಲ ಉರಿಯಿತು. ವಾಡಿಯಿಂದ ಸೇಡಂ ತನಕ ನನ್ನಂಥ ಮಿಸ್ತ್ರಿ ಇಲ್ಲ ಎಂಬ ಸೊಕ್ಕು ಆಗ ನನಗೆ. ಇದನ್ನು ಓಡಿಸಿಯೇ ತೋರಿಸುತ್ತೇನೆ ಅಂದುಕೊಂಡೆ.

ಓಡಿಸಿದೆ, ಸುಳ್ಳಲ್ಲ. ಐದು ತಿಂಗಳು ಹಿಡಿಯಿತು. ಕಾರ್ಬರೇಟರಿನ ಸೂಜಿ ಸಿಕಂದರಾಬಾದಿನ ಗುಜರಿಯಲ್ಲಿ ಸಿಕ್ಕಿತು. ನಾಲ್ಕು ಬುಶ್ಶು ನಾನೇ ಲೇಥಿನ ಮೇಲೆ ಕಡೆದೆ. ಹಿಂದಿನ ಎರಡು ಗಾಲಿ ಕೂಡುವ ಹಬ್‌ಗಳ ಹಲ್ಲು ಮಾತ್ರ ಸವೆದು ನುಣ್ಣಗಾಗಿದ್ದವು, ಅದು ನನ್ನ ಲೇಥಿನ ಕೆಲಸವಲ್ಲ. ಮುಂಬೈಗೆ ಬರೆದು ಬರೆದು, ಕೊನೆಗೆ ಮಹಾನವಮಿಗೆ ಎರಡು ದಿನ ಇರುವಾಗ ರೈಲ್ವೆ ಪಾರ್ಸಲ್‌ನಲ್ಲಿ ಹಬ್‌ಗಳು ಬಂದವು.

ಬಿಚ್ಚುವ ಮೊದಲು ಗುರುತು ಹಾಕುವುದು ಮಿಸ್ತ್ರಿಗಳ ಪದ್ಧತಿ. ಎಡಗಡೆಯದಕ್ಕೆ ಪಂಚ್‌ನಿಂದ ಒಂದು ಚುಕ್ಕಿ, ಬಲಗಡೆಯದಕ್ಕೆ ಎರಡು. ನಾನು ಹಾಕಲಿಲ್ಲ. ನೆನಪಿರುತ್ತದೆ ಬಿಡು ಅಂದುಕೊಂಡೆ. ಹೊಸವು ಬಂದಾಗ ನೋಡಿದರೆ ಒಂದರ ಮರೆ, ಅಂದರೆ ನಟ್ಟು ಕೂಡುವ ತಿರುಪಿನ ಗೆರೆ, ಎಡಕ್ಕೆ ತಿರುಗುತ್ತದೆ, ಇನ್ನೊಂದರದು ಬಲಕ್ಕೆ. ಯಾವುದು ಯಾವ ಕಡೆಗೆ — ನೆನಪೇ ಇಲ್ಲ! ಎರಡು ಹೆಜ್ಜೆ ಮುಂದೆ ಹೋಗಿ ಮುಂದಿನ ಗಾಲಿ ನೋಡಿದ್ದರೆ ತಿಳಿಯುತ್ತಿತ್ತು. ಹೋಗಲಿಲ್ಲ. ಮಹಾನವಮಿಯ ಖಂಡೆ ಪೂಜೆಗೆ ಕಾರು ಬೇಕೇ ಬೇಕು ಅಂತ ಸಾಹುಕಾರರು ಹಾರ ತರಿಸಿಟ್ಟಿದ್ದರು. ಕೈಗೆ ಸಿಕ್ಕಂತೆ ಹಾಕಿದೆ, ಸಲೀಸಾಗಿ ಕೂತವು. ಸರಿಯಾಗಿಯೇ ಇರಬೇಕು ಅಂದುಕೊಂಡೆ.

ಆ ಕಾರಿಗೆ ಗಾಲಿಯೊಂದಕ್ಕೆ ಒಂದೇ ನಟ್ಟು, ಎರಡು ಕಿವಿಯ ದೊಡ್ಡ ನಟ್ಟು. ದಿನಾ ಮುಂಜಾನೆ ನೀನು ತಾಮ್ರದ ಸುತ್ತಿಗೆಯಿಂದ ಅದರ ಕಿವಿಗೆ ಹೊಡೆದು ಬಿಗಿ ಮಾಡಬೇಕು. ಆಮೇಲೆ ಓಡುವ ಗಾಲಿಯೇ ಅದನ್ನು ಬಿಗಿ ಹಿಡಿಯುತ್ತದೆ. ಅದಕ್ಕೇ ಎಡಕ್ಕೊಂದು ತಿರುವು, ಬಲಕ್ಕೊಂದು ತಿರುವು. ಅದಲುಬದಲಾದರೆ, ಎಷ್ಟೇ ಹೊಡೆದಿರು, ಓಡಿದಷ್ಟೂ ಸಡಿಲವಾಗುತ್ತದೆ.

ಪೂಜೆಯ ಮರುದಿನ ಸಾಹುಕಾರರನ್ನು ಕೂಡಿಸಿಕೊಂಡು ನಾಲವಾರದ ಮಠಕ್ಕೆ ಹೊರಟೆ ನೀನು. ವಾಡಿ ದಾಟಿದ ಮೇಲೆ ಎಡಗಡೆಯ ಹಿಂದಿನ ಗಾಲಿ ಕಳಚಿ ಜೋಳದ ಹೊಲಕ್ಕೆ ಹೋಯಿತಂತೆ, ಕಾರು ತಗ್ಗಿಗೆ ಉರುಳಿತಂತೆ. ಸುದ್ದಿ ತಿಳಿದು ನಾನು ಲಾರಿ ಹತ್ತಿ ಬಂದೆ. ಸಾಹುಕಾರರನ್ನು ಬೇವಿನ ಮರದ ಕೆಳಗೆ ಮಲಗಿಸಿದ್ದರು, ಕಾಲು ಮುರಿದಿತ್ತು. ನೀನು ಹಣೆಯ ರಕ್ತ ಒರೆಸಿಕೊಳ್ಳುತ್ತ ನೆಲಕ್ಕೆ ಕೂತಿದ್ದೆ. ನಾನು ಮೊದಲು ನೋಡಿದ್ದು ನಿಮ್ಮಿಬ್ಬರನ್ನಲ್ಲ ಭೀಮಣ್ಣಾ, ಮುಂದಿನ ಗಾಲಿಯ ನಟ್ಟನ್ನು. ಒಂದು ಗಳಿಗೆ ಸಾಕಾಯಿತು. ಎಡಗಡೆಯ ಮುಂದಿನದರ ತಿರುವು ಒಂದು, ಹಿಂದಿನ ಹಬ್‌ನದು ಅದಕ್ಕೆ ಉಲ್ಟಾ. ಪೊಲೀಸರು, ಜೇಲು, ಬೀಗ ಬಿದ್ದ ನನ್ನ ಅಂಗಡಿ — ಎಲ್ಲಾ ಒಮ್ಮೆಗೇ ಕಣ್ಣಿಗೆ ಬಂತು.

ಸಾಹುಕಾರರ ತಮ್ಮ ಕೇಳಿದರು: "ಏನಾತು ಮಿಸ್ತ್ರೀ ಇದು?"

"ಮುಂಜಾನಿ ನಟ್ಟಿಗಿ ಸುತ್ತಿಗಿ ಹೊಡದಿಲ್ಲರಿ. ಮರತಾನ."

ಇದೇ ಬಾಯಿ ಹೇಳಿತು. ನೀನು ನನ್ನ ಕಡೆ ತಲೆ ಎತ್ತಿ, "ಹೊಡದೀನಿ ಮಾಣಿಕಪ್ಪಾ" ಅಂದೆ. ಎಲ್ಲರೂ ನಿನ್ನನ್ನೇ ನೋಡಿದರು. ಆಮೇಲೆ ನೀನು ಸಣ್ಣ ದನಿಯಲ್ಲಿ, "ಹೊಡದೀನಿ ಅನಸ್ತದ..." ಅಂದೆ. ಆ 'ಅನಸ್ತದ' ನಿನ್ನ ಬಾಯಿಗೆ ಬಂದದ್ದು ನನ್ನಿಂದ. ನಾನು ಮರೆತೆ, ಮರೆಗುಳಿ ಎಂಬ ಹೆಸರು ನಿನಗೆ ಅಂಟಿತು.

ಕಾರು ಎತ್ತಿನ ಬಂಡಿಯ ಮೇಲೆ ನನ್ನ ಅಂಗಡಿಗೇ ಬಂತು. ಬಾಗಿಲು ಹಾಕಿಕೊಂಡು ಹಬ್‌ಗಳನ್ನು ಅದಲುಬದಲು ಮಾಡಿದೆ. ಹೊರಗೆ ಯಾರಾದರೂ ಕೆಮ್ಮಿದರೆ ನಟ್ಟು ಬಿಚ್ಚುವ ಪಾನಾ ಕೈಯಿಂದ ಜಾರುತ್ತಿತ್ತು. ಕಾರು ಮತ್ತೆ ಓಡಿತು, ಭೇಷ್ ಮಿಸ್ತ್ರಿ ಅಂದರು. ಥೂ, ಅದನ್ನು ನಿಂತು ಕೇಳಿಸಿಕೊಂಡೆನಲ್ಲ! ನಿನಗೆ ಮಾತ್ರ ಮತ್ತೆ ಯಾರೂ ಗಾಡಿ ಕೊಡಲಿಲ್ಲ. ನೀನು ಗಣಿಯಲ್ಲಿ ಫರ್ಸಿ ಕಲ್ಲು ಹೊರಲು ಹೋದೆ. ಸೈಕಲ್ ಕೂಡ ಹತ್ತುವುದನ್ನು ಬಿಟ್ಟೆ. ಸಾಹುಕಾರರು ಕುಂಟುತ್ತಲೇ ತೀರಿಕೊಂಡರು. ನನ್ನ ಅಂಗಡಿಯ ಮುಂದೆ ಜೀಪು ನಿಂತರೆ ಇವತ್ತಿಗೂ ಪೊಲೀಸರೇ ಬಂದರು ಅಂದುಕೊಳ್ಳುತ್ತೇನೆ. ಜೀಪಿಗಿಂತಲೂ ನಿನ್ನನ್ನು ಕಂಡರೆ ಭಾಳ ಹೆದರಿಕೆ — ಎಲ್ಲಿ ನಿನಗೆ ಎಲ್ಲಾ ನೆನಪಾಗಿಬಿಡುತ್ತದೋ ಅಂತ.

ನಿನ್ನೆ ನಿಮ್ಮ ಮನೆಯಿಂದ ನಾಗಮ್ಮ ವೈನಿ ಅಂಗಡಿಗೆ ಬಂದು ಅತ್ತಳು. ನಿಮ್ಮ ಮಗ ಶರಣುಗೆ ವಾಡಿ ರೈಲ್ವೆ ಶೆಡ್ಡಿನಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಕೆಲಸದ ಆರ್ಡರ್ ಬಂದಿದೆಯಂತೆ, ಸೋಮವಾರದೊಳಗೆ ಹಾಜರಾಗಬೇಕಂತೆ. ನೀನು ಆ ಕಾಗದ ಕಸಿದು ಟ್ರಂಕಿಗೆ ಬೀಗ ಹಾಕಿದ್ದೀಯಂತೆ. "ಮರವು ನಮ್ಮ ರಕ್ತದಾಗ ಅದ. ಇಂಜಿನ್ ಹಿಂದ ಎಷ್ಟು ಮಂದಿ ಕುಂತಿರ್ತಾರ, ಅವರ ಪಾಪ ಬ್ಯಾಡ" ಅಂದೆಯಂತೆ. "ಮಿಸ್ತ್ರೀ, ನಿಮ್ಮ ಮಾತು ಕೇಳ್ತಾರ, ನೀವರೆ ಹೇಳ್ರಿ" ಅಂತ ಕೈ ಮುಗಿದಳು. ನನಗೆ ಕೈ ಮುಗಿದಳು, ಭೀಮಣ್ಣಾ.

ನಿನಗೆ ಅಕ್ಷರ ಬರುವುದಿಲ್ಲ. ಈ ಕಾಗದವನ್ನು ಶರಣುವೇ ಓದಿ ಹೇಳಬೇಕು — ತಿಳಿದೇ ಬರೆದಿದ್ದೇನೆ. ಅವನು ಓದಿ ಮುಗಿಸುವ ತನಕ ನಾನು ನಿಮ್ಮ ಅಂಗಳದಲ್ಲೇ ನಿಂತಿರುತ್ತೇನೆ. ಹೊಡಿ, ಉಗುಳು, ಪೊಲೀಸರನ್ನು ಕರೆಸು. ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ಸಾಹುಕಾರರ ತಮ್ಮನ ಮನೆಗೆ ಹೋಗಿ ಹೇಳಿಯೇ ನಿನ್ನ ಕಡೆ ಬರುತ್ತೇನೆ.

ಅವತ್ತು ಮುಂಜಾನೆ ನಾನು ಸಾಹುಕಾರರ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ನಾಲ್ಕೂ ನಟ್ಟಿಗೆ ನೀನು ಹೊಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಹಿಂದಿನವಕ್ಕೆ ನೀನು ಎರಡೆರಡು ಏಟು ಜಾಸ್ತಿಯೇ ಹಾಕಿದ್ದೆ. ಶರಣುವಿನ ಕೆಲಸದ ಕಾಗದ ಅವನ ಕೈಗೆ ಕೊಡು, ಭೀಮಣ್ಣಾ. ಅವನ ಅಪ್ಪ ಏನನ್ನೂ ಮರೆತಿರಲಿಲ್ಲ.