ಯಜ್ಞೇಶ್ ಬರೆದ ‘ಯಾರೋ ಒಬ್ಬ’

ಯಜ್ಞೇಶ್ ಹೇಡಿ. ಕೆಲಸಗಳ್ಳನಲ್ಲ, ಕುಡಿಯುವುದಿಲ್ಲ, ಊರಿಗೆ ತಪ್ಪದೆ ಫೋನ್ ಮಾಡುತ್ತಾನೆ, ಆದರೂ ಹೇಡಿ. ದೋಹಾದಲ್ಲಿ ಇಪ್ಪತ್ತೊಂದು ವರ್ಷ ಯಾರ ಕೋಪಕ್ಕೂ ಗುರಿಯಾಗದೆ ಅವನು ಬಾಳಿದ್ದು ಈ ಗುಣದಿಂದಲೇ ಎಂದು ನಾನು ತೀರ್ಮಾನಿಸಿ ಬಹಳ ಕಾಲವಾಯಿತು.

ಅವನು ನನಗೆ ಪರಿಚಯವಾದದ್ದು ಶುಕ್ರವಾರದ ತರಗತಿಯಲ್ಲಿ. ಕಾಲೇಜಿನಿಂದ ನಿವೃತ್ತಳಾದ ಮೇಲೆ ನಾನು ಮದೀನತ್ ಖಲೀಫಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಿಗ್ಗೆ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಆರೇಳು ಜನರಿಗೆ ಇಂಗ್ಲಿಷಿನಲ್ಲಿ ಪತ್ರ, ವರದಿ ಬರೆಯುವುದನ್ನು ಹೇಳಿಕೊಡುತ್ತೇನೆ. ಹೆಚ್ಚಿನವರು ಮಂಗಳೂರು, ಉಡುಪಿ ಕಡೆಯವರು. ತಮ್ಮತಮ್ಮೊಳಗೆ ತುಳು, ನನ್ನೊಡನೆ ಕನ್ನಡ.

ಯಜ್ಞೇಶ್ ಪಡುಬಿದ್ರಿಯವನು, ವಯಸ್ಸು ನಲವತ್ತಾರು. ಕಾರ್ಮಿಕರ ಕ್ಯಾಂಪುಗಳಿಗೆ ಊಟ ಒದಗಿಸುವ ಕಂಪನಿಯೊಂದರ ದೊಡ್ಡ ಅಡುಗೆಮನೆಯಲ್ಲಿ ಸೂಪರ್‌ವೈಸರ್. ವಾಸ ಅಲ್ ಮನ್ಸೂರಾದಲ್ಲಿ, ಇನ್ನು ಮೂವರ ಜೊತೆ ಒಂದೇ ಕೋಣೆ. ಅದಕ್ಕೊಂದು ಕಿಟಕಿ ಇದೆಯಂತೆ. ತೆರೆದರೆ ಎದುರಿನ ಕಟ್ಟಡದ ಏಸಿಗಳ ಬಿಸಿಗಾಳಿ ನುಗ್ಗುತ್ತದೆ ಎಂದು ಅದಕ್ಕೆ ಅಡ್ಡವಾಗಿ ಕಪಾಟು ಇಟ್ಟಿದ್ದಾರೆ. ಹೆಂಡತಿ ನಿಶ್ಮಿತಾ, ಮಗ ಕೃತಿಕ್ ಊರಿನಲ್ಲಿ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ.

ಅವನ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪು ಕಡಿಮೆ. ‘ಎವ್ರಿಬಡಿ ಹ್ಯಾವ್’ ಎಂದು ಬರೆಯುತ್ತಿದ್ದ. ಎರಡು ವಾರದಲ್ಲಿ ‘ಹ್ಯಾಸ್’ ಎಂದು ತಿದ್ದಿಕೊಂಡ. ನನಗೆ ಕಿರಿಕಿರಿಯಾಗುತ್ತಿದ್ದುದು ಬೇರೆಯದಕ್ಕೆ. ಅವನ ವರದಿಗಳಲ್ಲಿ ಮನುಷ್ಯರೇ ಇರುತ್ತಿರಲಿಲ್ಲ. ಸಮ್‌ವನ್ ಸಾಂಬಾರು ಚೆಲ್ಲಿದ. ಸಮ್‌ಬಡಿ ಗ್ಯಾಸ್ ಆರಿಸಲು ಮರೆತ. ನೋಬಡಿ ನೋಡಲಿಲ್ಲ. ಕನ್ನಡದಲ್ಲೂ ಅಷ್ಟೇ: ಯಾರೋ ಹೇಳಿದರು, ಏನೋ ಆಯಿತು, ಎಲ್ಲೋ ಇದೆ. ಅಡುಗೆಮನೆಯವರಿಗೆ ಇದು ಅನುಕೂಲವೇ ಆಗಿತ್ತು. ಎಡವಟ್ಟು ಮಾಡಿಕೊಂಡವರು ನೇರವಾಗಿ ಅವನ ಬಳಿಗೆ ಹೋಗುತ್ತಿದ್ದರು. ಯಜ್ಞೇಶಣ್ಣನ ವರದಿಯಲ್ಲಿ ಯಾರ ಹೆಸರೂ ಬರುವುದಿಲ್ಲ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವ್ಯವಸ್ಥೆ.

“ಮಾಡಿದವರ ಹೆಸರು ಬರೆಯಿರಿ,” ಎಂದು ನಾನು ಹಾಳೆಯ ಅಂಚಿನಲ್ಲಿ ಗೀಚುತ್ತಿದ್ದೆ.

“ಹೆಸರು ಬರೆದ್ರೆ ಅವನ ಕೆಲಸ ಹೋಗ್ತದೆ ಟೀಚರ್. ಸಮ್‌ವನ್ ಅಂತ ಬರೆದ್ರೆ ಅವನೂ ಉಳಿತಾನೆ, ನಾನೂ ಉಳಿತೇನೆ.”

“ನೀವು ಉಳಿಯುವುದು ಮುಖ್ಯ ಅನ್ನಿ.”

“ಮತ್ತೆಂತ ಟೀಚರ್, ಇಲ್ಲಿಗೆ ಬಂದದ್ದೇ ಉಳಿಲಿಕ್ಕಲ್ವಾ?” ಎಂದು ನಕ್ಕಿದ್ದ.

ಈ ಏಪ್ರಿಲ್‌ನಲ್ಲಿ ಅವನ ಅಡುಗೆಮನೆಯಲ್ಲಿ ಒಂದು ಅವಘಡವಾಯಿತು. ಅಲ್ಲಿ ಕೋಳಿ, ಮೀನು ಇಡುವ ಫ್ರೀಜರ್ ಕೋಣೆಯಿದೆ. ಮುಚ್ಚುವ ಮೊದಲು ಅದರ ಬಾಗಿಲಲ್ಲಿ ನಿಂತು ಮೂರು ಸಲ ‘ಖಲಾಸ್’ ಎಂದು ಕೂಗಬೇಕು. ಒಳಗಿನಿಂದ ಯಾರೂ ಓಗೊಡದಿದ್ದರೆ ಚಿಲಕ ಹಾಕಬೇಕು. ಆ ಮಂಗಳವಾರ ಮಧ್ಯಾಹ್ನ ಇಗ್ನೇಶಿಯಸ್ ಎಂಬ ಕೆಲಸಗಾರ ಒಳಗೆ ಪೆಟ್ಟಿಗೆ ಜೋಡಿಸುತ್ತಿದ್ದ. ಖಲಾಸ್ ಎಂಬ ಕೂಗು ಕೇಳಿ ‘ಇದ್ದೇನೆ’ ಎಂದು ಕಿರುಚಿದ. ಆದರೂ ಚಿಲಕ ಬಿತ್ತು. ಅಂಥ ಬಾಗಿಲಿಗೆ ಒಳಗಿನಿಂದ ಒತ್ತಿ ತೆರೆಯುವ ಗುಬ್ಬಿ ಇರುತ್ತದೆ; ಅದು ಮುರಿದಿತ್ತು. ಇಪ್ಪತ್ತೈದು ನಿಮಿಷಗಳ ಮೇಲೆ ನೊರ್ಬರ್ಟ್ ಎಂಬ ಅಡಿಗೆಯವನು ಮೀನು ತೆಗೆಯಲು ಬಾಗಿಲು ತೆರೆದಾಗ ಇಗ್ನೇಶಿಯಸ್ ಹೊಸ್ತಿಲಲ್ಲೇ ಕುಸಿದ. ಜೀವಕ್ಕೇನೂ ಆಗಲಿಲ್ಲ. ಎರಡು ಬೆರಳುಗಳ ತುದಿಗೆ ಸ್ಪರ್ಶ ಇವತ್ತಿಗೂ ಬಂದಿಲ್ಲ. ಗಾಬರಿಯಲ್ಲಿ ಗುದ್ದಿ ಅವನೇ ಗುಬ್ಬಿ ಮುರಿದಿರಬೇಕು ಎಂದು ಎಲ್ಲರೂ ಭಾವಿಸಿದರು.

ಯಜ್ಞೇಶ್ ಎಂದಿನಂತೆ ವರದಿ ಬರೆದ. ಸಮ್‌ವನ್ ಚಿಲಕ ಹಾಕಿದ. ನೋಬಡಿ ಒಳಗಿನ ಕೂಗು ಕೇಳಿಸಿಕೊಳ್ಳಲಿಲ್ಲ.

ಈ ಸಲ ಮ್ಯಾನೇಜರ್ ಅದನ್ನು ಹಿಂದಕ್ಕೆ ಕಳಿಸಿದರು. ಆ ‘ಯಾರೋ ಒಬ್ಬ’ನಿಗೆ ಹೆಸರು ಸಿಗುವ ತನಕ ಆ ಪಾಳಿಯ ಒಬ್ಬರಿಗೂ ರಜೆ ಇಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಪಾಳಿಯಲ್ಲಿದ್ದವರು ಒಂಬತ್ತು ಜನ. ಅವರಲ್ಲಿ ಯಜ್ಞೇಶನೂ ಒಬ್ಬ.

ಅವನಿಗೆ ಆಗ ರಜೆ ಬೇಕೇ ಬೇಕಾಗಿತ್ತು. ನಿಶ್ಮಿತಾಳಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಮಂಗಳೂರಿನಲ್ಲಿ ಮೇ ಹದಿನೆಂಟಕ್ಕೆ ನಿಗದಿಯಾಗಿತ್ತು. ಗಂಡ ಬರಲಿ ಎಂದು ಆಕೆ ಎರಡು ಸಲ ಮುಂದೆ ಹಾಕಿದ್ದಳು. ಮೂರನೆಯ ಸಲ ಮುಂದೆ ಹಾಕುವಂತಿಲ್ಲ ಎಂದು ಡಾಕ್ಟರ್ ಹೇಳಿದ್ದರು.

ನಂತರದ ಶುಕ್ರವಾರ ನೊರ್ಬರ್ಟ್ ತರಗತಿಗೆ ಬಂದವನೇ ಶುರುಮಾಡಿದ. ಅವನೂ ನನ್ನ ವಿದ್ಯಾರ್ಥಿಯೇ. ಜೂನ್‌ನಲ್ಲಿ ಅವನ ತಂಗಿಯ ಮದುವೆ.

“ಯಜ್ಞೇಶಣ್ಣ, ನಿಮ್ಮ ಸಮ್‌ವನ್ ಎಲ್ಲಿದ್ದಾನೆ ಮಾರಾಯ್ರೆ? ಅವನನ್ನು ಒಮ್ಮೆ ಕರ್ಕೊಂಡು ಬನ್ನಿ. ನಮ್ಮ ರೂಮಲ್ಲೇ ಇರ್ಲಿ, ಚಾ ಮಾಡಿ ಕೊಡ್ತೇನೆ.”

“ಸುಮ್ನಿರು ನೊರ್ಬರ್ಟ್.”

“ಎಂತ ಸುಮ್ನಿರುದು? ಒಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಊಟ ಮಾಡ್ತಾ ಇದ್ದೇವೆ. ನಿನ್ನೆ ಒಬ್ಬ ಕೇಳಿದ, ಬಾಗಿಲು ತೆಗೆದದ್ದು ನೀನೇ, ಹಾಕಿದ್ದೂ ನೀನೇ ಇರ್ಬೇಕು ಅಂತ. ಇದೆಂತ ಅವಸ್ಥೆ ಟೀಚರ್! ಜೀವ ಉಳಿಸಿದವ ನಾನು.”

ನಾನು ಯಜ್ಞೇಶನನ್ನು ನೇರವಾಗಿ ಕೇಳಿದೆ. “ಚಿಲಕ ಹಾಕಿದ್ದು ಯಾರೆಂದು ನಿಮಗೆ ಗೊತ್ತೇ?”

ಅವನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. “ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ ಟೀಚರ್.”

“ಹಾಗೆಲ್ಲ ಇಟ್ಟುಕೊಳ್ಳುವುದಕ್ಕೆ ಆಗುವುದಿಲ್ಲ. ನಿಮ್ಮ ಒಂದು ವಾಕ್ಯ ಒಂಬತ್ತು ಜನರನ್ನು ಕೂಡಿಹಾಕಿದೆ.”

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಮೆಟ್ಟಿಲ ಬಳಿ ಹೋಗಿ ತುಳುವಿನಲ್ಲಿ ಮಾತಾಡಿ ಒಂದು ನಿಮಿಷದೊಳಗೆ ವಾಪಸ್ ಬಂದ.

“ಹೆಂಡತಿ. ಆಸ್ಪತ್ರೆಯಲ್ಲಿ ಜೊತೆಗೆ ಯಾರು ಇರುದು ಅಂತ ಕೇಳಿದ್ಳು. ಯಾರಾದ್ರೂ ಇರ್ತಾರೆ ಅಂದೆ. ಫೋನ್ ಇಟ್ಟುಬಿಟ್ಳು.”

ಯಾರೂ ನಗಲಿಲ್ಲ. ನೊರ್ಬರ್ಟ್ ಕೂಡ.

ಆಮೇಲಿನ ಎರಡು ವಾರ ಯಜ್ಞೇಶ್ ಸೊರಗುತ್ತ ಹೋದ. ಪಾಳಿ ಮುಗಿದರೂ ಕೋಣೆಗೆ ಹೋಗಲಾರ; ಅಲ್ಲಿ ಮೂವರಲ್ಲಿ ಇಬ್ಬರು ಅದೇ ಪಾಳಿಯವರು. ಹೊರಗೆ ಅಡ್ಡಾಡೋಣವೆಂದರೆ ಬಿಸಿಲು. ಮೆಟ್ರೊ ಹತ್ತಿ ಆ ತುದಿಯಿಂದ ಈ ತುದಿಗೆ ಸುಮ್ಮನೆ ಕೂತು ಬರುತ್ತಾನೆ ಎಂದು ನೊರ್ಬರ್ಟ್ ಹೇಳಿದ. ನನಗೆ ಕನಿಕರವೇನೂ ಆಗಲಿಲ್ಲ. ಬಾಯಿ ಬಿಟ್ಟರೆ ಮುಗಿಯುವ ಸಂಕಟವನ್ನು ತಾನೇ ಬೆಳೆಸುತ್ತಿದ್ದವನಿಗೆ ಕನಿಕರ ಏಕೆ?

ಮೇ ಮೊದಲ ವಾರದಲ್ಲಿ ಗಂಟು ಬಿಚ್ಚಿಕೊಂಡಿತು, ಬಿಚ್ಚಿದವನು ಯಜ್ಞೇಶನಲ್ಲ. ಪಾತ್ರೆ ತೊಳೆಯುವ ಗಿರಿಯಪ್ಪ ತಾನಾಗಿಯೇ ಮ್ಯಾನೇಜರ್ ಮುಂದೆ ಹೋಗಿ ನಿಂತ. ಅವನಿಗೆ ಐವತ್ತೆಂಟು, ಒಂದೆರಡು ವರ್ಷದಿಂದ ಕಿವಿ ಮಂದ. ಅದು ಪಾಳಿಯವರಿಗೆಲ್ಲ ಗೊತ್ತಿತ್ತು, ಕಂಪನಿಗೆ ಗೊತ್ತಿರಲಿಲ್ಲ. ಗಿರಿಯಪ್ಪ ಮೂರು ಸಲ ಕೂಗಿದ್ದು ನಿಜ. ಒಳಗಿನಿಂದ ಬಂದ ಉತ್ತರ ಅವನಿಗೆ ಕೇಳಿಸಿರಲಿಲ್ಲ. ಒಂದೇ ದಿನದಲ್ಲಿ ತೀರ್ಮಾನವಾಯಿತು: ತಿಂಗಳ ಕೊನೆಗೆ ಗಿರಿಯಪ್ಪನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸುವುದು, ಉಳಿದ ಎಂಟು ಜನರ ರಜೆ ಬಿಡುವುದು. ಯಜ್ಞೇಶನ ಅರ್ಜಿಗೆ ಸಹಿ ಬಿತ್ತು. ಬುಧವಾರದ ವಿಮಾನಕ್ಕೆ ಟಿಕೆಟ್ಟೂ ಆಯಿತು.

ಆ ಶುಕ್ರವಾರ ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ತರಗತಿ ಮುಗಿದು ಎಲ್ಲರೂ ಹೋದ ಮೇಲೂ ಕೂತಿದ್ದ. ಆಮೇಲೆ ಅಂಗಿಯ ಜೇಬಿನಿಂದ ಒಂದು ಗುಲಾಬಿ ಬಣ್ಣದ ಚೀಟಿ ತೆಗೆದು ನನ್ನ ಮುಂದಿಟ್ಟ. ಯಂತ್ರಗಳು ಕೆಟ್ಟರೆ ರಿಪೇರಿಯವರಿಗೆ ಬರೆದು ಕಳಿಸುವ ದೂರಿನ ಕಾರ್ಬನ್ ಪ್ರತಿ. ಕೈಬರಹ ಯಜ್ಞೇಶನದು, ತಾರೀಕು ಅವಘಡಕ್ಕಿಂತ ಒಂದು ತಿಂಗಳು ಹಿಂದಿನದು. ಅವನ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಇಷ್ಟು: ‘ಫ್ರೀಜರ್ ಬಾಗಿಲಲ್ಲಿ ಏನೋ ಸರಿಯಿಲ್ಲ. ಯಾರಾದರೂ ನೋಡಬೇಕು.’

ನಾನು ಎರಡು ಸಲ ಓದಿದೆ. ಏನು ಸರಿಯಿಲ್ಲ, ಯಾರು ನೋಡಬೇಕು, ಎಷ್ಟು ಬೇಗ, ಒಂದೂ ಇರಲಿಲ್ಲ. ಯಾರೂ ನೋಡಿರಲಿಲ್ಲ.

“ಗುಬ್ಬಿ ಇಗ್ನೇಶಿಯಸ್ ಮುರಿದದ್ದಲ್ಲ ಟೀಚರ್. ಮೊದಲೇ ಮುರಿದಿತ್ತು. ಟ್ರಾಲಿ ತಾಗಿಸಿದ್ದು ನಾನೇ. ಗುಬ್ಬಿ ಅಂತ ಬರೆದ್ರೆ ಹೇಗೆ ಮುರಿಯಿತು ಅಂತ ಕೇಳ್ತಾರಲ್ಲ, ಅದಕ್ಕೆ ಏನೋ ಅಂತ ಬರೆದೆ.”

“ಇದು ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ರಿಪೇರಿಯವರು ಅವರ ಪ್ರತಿ ಬಿಸಾಡಿದ್ದಾರೆ.”

ಚೀಟಿಯ ಪಕ್ಕದಲ್ಲಿ ಒಂದು ಹಾಳೆ ಇಟ್ಟ. ಹೊಸ ವರದಿ, ನಾಲ್ಕೇ ಸಾಲು. ಗುಬ್ಬಿಯನ್ನು ಮುರಿದದ್ದು ಸೂಪರ್‌ವೈಸರ್ ಯಜ್ಞೇಶ್. ಅದನ್ನು ಸರಿಯಾಗಿ ತಿಳಿಸದವನೂ ಅವನೇ. ಗುಬ್ಬಿ ಸರಿಯಿದ್ದಿದ್ದರೆ ಇಗ್ನೇಶಿಯಸ್ ತಾನೇ ಹೊರಗೆ ಬರುತ್ತಿದ್ದ. ಗಿರಿಯಪ್ಪನ ಕಿವಿಯ ವಿಷಯ ಗೊತ್ತಿದ್ದೂ ಅವನನ್ನು ಬಾಗಿಲಿಗೆ ನಿಲ್ಲಿಸಿದವನು ಯಜ್ಞೇಶ್.

“ಭಾನುವಾರ ಇದನ್ನು ಕೊಟ್ಟರೆ ಬುಧವಾರ ನೀವು ಹೊರಡಲಾರಿರಿ.”

“ಗೊತ್ತುಂಟು.”

“ಕೊಟ್ಟ ಮಾತ್ರಕ್ಕೆ ಗಿರಿಯಪ್ಪನನ್ನು ಉಳಿಸಿಕೊಳ್ಳುತ್ತಾರೆ ಎಂದೇನೂ ಇಲ್ಲ.”

“ಅದೂ ಗೊತ್ತುಂಟು.”

“ನಿಶ್ಮಿತಾಗೆ ಹೇಳಿದಿರಾ?”

“ಬೆಳಿಗ್ಗೆ ಹೇಳಿದೆ. ಎಂತದೂ ಮಾತಾಡ್ಲಿಲ್ಲ. ಆದರೆ ಫೋನ್ ಇಡ್ಲಿಲ್ಲ. ಇಬ್ಬರೂ ಸುಮ್ನೆ ಹಾಗೇ ಇದ್ದೆವು, ತುಂಬ ಹೊತ್ತು.”

ಅವನು ಸ್ಟೇಪ್ಲರ್ ಕೇಳಿದ. ಕೊಟ್ಟೆ. ಇಂಥ ಚೀಟಿಯನ್ನು ವರದಿಯ ಹಿಂದೆ ಲಗತ್ತಿಸುವುದು ಕಚೇರಿಯ ಪದ್ಧತಿ, ನಾನೇ ಕಲಿಸಿದ್ದು. ಅಭ್ಯಾಸಬಲದಿಂದ ಚೀಟಿಯನ್ನು ಹಾಳೆಯ ಕೆಳಗೆ ಸೇರಿಸಿ ಅಂಚು ಸರಿಮಾಡಿ ಅವನ ಕಡೆಗೆ ತಳ್ಳಿದೆ.

“ಬೇಡ ಟೀಚರ್,” ಎಂದ. “ಅವರು ಮೇಲಿನದ್ದು ಮಾತ್ರ ಓದುದು. ಹಿಂದೆ ಇಟ್ಟದ್ದನ್ನು ತಿರುಗಿಸಿ ನೋಡುದಿಲ್ಲ.”

ಚೀಟಿಯನ್ನು ಕೆಳಗಿನಿಂದ ಎಳೆದು ಹಾಳೆಯ ಮೇಲೆ, ನಾಲ್ಕು ಸಾಲನ್ನೂ ತನ್ನ ಸಹಿಯನ್ನೂ ಮುಚ್ಚದ ಹಾಗೆ ಒಂದಿಷ್ಟು ಬಲಕ್ಕೆ ಸರಿಸಿ ಇಟ್ಟು, ಸ್ಟೇಪ್ಲರ್ ಒತ್ತಿದ.