ಮಾಯಕ್ಕನ ಹತ್ತೊಂಬತ್ತು ದಿನದ ಕಾರು

ಮಾಲು ಎಂದು ನೋಡಿದರೆ ಮಾಯಕ್ಕ ಗಿರಾಕಿ ಮೊದಲ ನೋಟಕ್ಕೇ ಕೈ ಹಾಕುವ ಮಾಲಲ್ಲ. ವಯಸ್ಸು ನಲವತ್ತೇಳು. ತೂಕ ಐವತ್ತು ಕಿಲೋ, ಅದರಲ್ಲೂ ಎರಡು ಕಿಲೋ ಸೊಂಟಕ್ಕೆ ಕಟ್ಟಿಕೊಂಡ ಚರ್ಮದ ಚೀಲದ್ದು. ಎಡಗೈಯ ಕಿರುಬೆರಳು ಅರ್ಧವೇ ಇದೆ. ಉಳಿದರ್ಧವನ್ನು ಹನ್ನೆರಡನೇ ವಯಸ್ಸಿನಲ್ಲಿ ಬಾಚಿಯ ಏಟಿಗೆ ಕೊಟ್ಟಿದ್ದಾಳೆ. ಬಲಗೆನ್ನೆಯ ತುಂಬ ಬೆಸುಗೆಯ ಕಿಡಿ ಹಾರಿದ ಕಲೆ. ಜೋರಾಗಿ ಉಸಿರೆಳೆದರೆ ಎಡಪಕ್ಕೆಯೊಳಗೆ ಏನೋ ಸಣ್ಣಗೆ ಕಟಕ್ಕೆನ್ನುತ್ತದೆ. ನಾಲಿಗೆ ಮಾತ್ರ ಹೊಸದು, ಒಂದು ಕೂದಲೆಳೆಯಷ್ಟೂ ಸವೆದಿಲ್ಲ. ಬೆಳಗಾವಿಯ ಆಟೋ ನಗರದಲ್ಲಿ ಮೂವತ್ತು ವರ್ಷ ಬೇರಿಂಗು, ಅಚ್ಚು, ಪೈಪು ಮಾರಿದ ಬಿಂದುಮಾಧವ (ಇದನ್ನು ಬರೆಯುತ್ತಿರುವವನೂ ಅವನೇ) ಇಂಥ ಮಾಲನ್ನು ಮೂಲೆಗೆ ಸರಿಸಿ ಮುಂದಿನದನ್ನು ಮುಟ್ಟುವವನು. ಆದರೆ ಅವಳ ಕೈಗಳನ್ನು ಕಂಡವನು ಹಾಗೆ ಸರಿಸುವುದಿಲ್ಲ. ಮೊಣಕೈಯಿಂದ ಕೆಳಗೆ ಅವು ಯಾವನೋ ಪೈಲ್ವಾನನಿಂದ ಬಿಚ್ಚಿ ತಂದು ಜೋಡಿಸಿದಂತಿವೆ.

ಆ ಕೈಗಳು ಅವಳ ಅಪ್ಪ ಗುರುಪುತ್ರಪ್ಪನವು. ಆತ ಖಾನಾಪುರದಲ್ಲಿ ಎತ್ತಿನ ಶರ್ಯತ್ತಿಗೆ, ಅಂದರೆ ಓಟದ ಪಂದ್ಯಕ್ಕೆ, ಓಡುವ ಗಾಡಿ ಮಾಡುತ್ತಿದ್ದ. ಹೊಲಕ್ಕೆ ಹೋಗುವ ಗಾಡಿ ಬೇರೆ, ಶರ್ಯತ್ತಿನ ಗಾಡಿ ಬೇರೆ. ಶರ್ಯತ್ತಿನದು ಬರೀ ಎಲುಬು, ಮಾಂಸವಿಲ್ಲ. ಇಬ್ಬರು ಎತ್ತಿ ಎದೆಗೆ ಹಿಡಿಯುವಂತಿರಬೇಕು. ಮೂರನೆಯವನನ್ನು ಕೂಗಬೇಕಾಗಿ ಬಂದರೆ ಗುರುಪುತ್ರಪ್ಪ ಆ ಗಾಡಿಯನ್ನು ಒಡೆದು ಒಲೆಗೆ ಹಾಕುತ್ತಿದ್ದ. ಅವನದು ಇನ್ನೊಂದು ಕಟ್ಟಳೆಯಿತ್ತು. ಚಕ್ರ ಅಚ್ಚಿನಿಂದ ಜಾರದಂತೆ ತಡೆಯುವ ಕಬ್ಬಿಣದ ಮೊಳೆಗೆ ಕಡಾಣಿ ಎನ್ನುತ್ತಾರೆ. ಅದನ್ನು ಆತ ಗಾಡಿಯ ಒಡೆಯನಿಗೆ ಕೊಡುತ್ತಿರಲಿಲ್ಲ. ಶರ್ಯತ್ತಿನ ದಿನ ಗೆರೆಯ ಮೇಲೆ ಗಾಡಿ ನಿಂತಾಗ, ನಾಲ್ಕು ಜನರೆದುರು ಕೈ ಎತ್ತಿ ತೋರಿಸಿ, ತಾನೇ ಹಾಕುತ್ತಿದ್ದ. ಅಲ್ಲಿಯವರೆಗೆ ಅದು ಅವನ ಸೊಂಟದ ಚೀಲದಲ್ಲಿ. ಎದುರಾಳಿಗಳು ಸಡಿಲಿಸುವ ಭಯವಿಲ್ಲ, ಕದ್ದು ಓಡಿಸುವ ಭಯವೂ ಇಲ್ಲ. ಅಪ್ಪ ಸತ್ತ ಮೇಲೆ ಗಾಡಿ ಮಾಡುವ ಕೆಲಸವೂ ಚೀಲವೂ ಮಗಳಿಗೆ ಬಂದವು.

ಎರಡು ವರ್ಷದ ಹಿಂದೆ ಅವಳು ಮಾಡಿದ ಗಾಡಿಯ ಎಡಚಕ್ರ ಓಟದ ಮಧ್ಯದಲ್ಲಿ ಕಳಚಿ ಹೋಯಿತು. ಗಾಡಿ ಹೊಡೆಯುತ್ತಿದ್ದ ಶೀತಲ ಎಂಬ ಇಪ್ಪತ್ತಾರರ ಗಂಡಸು ಮುಂದಕ್ಕೆ ಬಿದ್ದ. ಅವನ ಮೇಲೆ ಅವನದೇ ಗಾಡಿ ಹರಿಯಿತು, ಹಿಂದಿನಿಂದ ಓಡಿ ಬಂದ ಜೋಡಿ ಎತ್ತಿನ ಗಾಡಿಯೂ ಹರಿಯಿತು. ಎತ್ತಿಕೊಳ್ಳಲು ಹೋದವರು ಟವೆಲು ಕೇಳಿದರು, ಆಮೇಲೆ ಕಂಬಳಿ ಕೇಳಿದರು.

"ಕಡಾಣಿ ಎಲ್ಲಿ?" ಎಂದು ಜನ ಕೇಳಿದರು. ಅಚ್ಚಿನ ತುದಿ ಮುರಿದಿದೆ, ಕಡಾಣಿ ಆ ತುಂಡಿನಲ್ಲೇ ಇರಬೇಕು ಎಂದಳು ಮಾಯಕ್ಕ. ಹಾಗಾದರೆ ತುಂಡು ತೋರಿಸು ಎಂದರು. ತುಂಡು ಎಲ್ಲೂ ಸಿಗಲಿಲ್ಲ. ಉಳಿದ ಅಚ್ಚಿನ ಬಾಯಿ ಕಲ್ಲುನೆಲದ ಮೇಲೆ ನೂರು ಅಡಿ ಎಳೆದಾಡಿ ಜಜ್ಜಿಹೋಗಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಕಡಾಣಿ ಹಾಕದೆಯೇ ಹಾಕಿದ ಹಾಗೆ ಕೈ ತೋರಿಸಿದಳು ಎಂದು ತೀರ್ಮಾನವಾಯಿತು. ಬಾರುಕೋಲಿನಿಂದ ಹೊಡೆದರು, ಕೆಳಗೆ ಬಿದ್ದ ಮೇಲೆ ಒದ್ದರು. ಮೂರು ಪಕ್ಕೆಲುಬು ಮುರಿದವು. ಅವಳ ಶೆಡ್ಡಿನಲ್ಲಿ ಸಿದ್ಧವಾಗಿ ನಿಂತಿದ್ದ ಎರಡು ಗಾಡಿಗಳಿಗೆ ಬೆಂಕಿ ಹಚ್ಚಿದರು. ಅಂದಿನಿಂದ ಖಾನಾಪುರದಲ್ಲಿ ಯಾರೂ ಅವಳ ಕೈಗೆ ಚಕ್ರ ಕೊಡಲಿಲ್ಲ. ಕಿಟಕಿಯ ಗ್ರಿಲ್ಲು, ಮಂಚದ ಕಾಲು ಬೆಸೆದು ಬದುಕಿದಳು.

ಆ ತುಂಡು ಬಿಂದುಮಾಧವನ ಬಟ್ಟೆಚೀಲದಲ್ಲಿತ್ತು. ಶರ್ಯತ್ತು ನೋಡಲು ಬಂದಿದ್ದ ಅವನ ಕಾಲಬುಡಕ್ಕೇ ಅದು ಉರುಳಿ ಬಂತು. ಮುರಿದ ಬಾಯಿಯನ್ನು ನೋಡಿದ ಕೂಡಲೇ ಗುರುತು ಹತ್ತಿತು: ಹಳೆ ಲಾರಿಯ ಕಬ್ಬಿಣ, ಒಳಗೆ ಮೊದಲೇ ಬಿರುಕು, ಬಿರುಕಿನೊಳಗೆ ತುಕ್ಕು. ಲೇಥಿಗೆ ಹಾಕಿ ಹೊಳಪು ಕೊಟ್ಟು, ಹೊಸದೆಂದು ಅವಳಿಗೆ ಮಾರಿದ್ದವನು ಅವನೇ. ಕಡಾಣಿ ಆ ತುಂಡಿನಲ್ಲಿ ಭದ್ರವಾಗಿ ಕೂತಿತ್ತು. ಅವನು ಅದನ್ನು ಚೀಲಕ್ಕೆ ಹಾಕಿಕೊಂಡು, ಜನ ಹೊಡೆಯುವುದನ್ನು ಸ್ವಲ್ಪ ಹೊತ್ತು ನೋಡಿ, ಬಸ್ಸು ಹತ್ತಿದ.

ಆಮೇಲೆ ಅವನಿಗೆ ಒಂದು ವ್ಯಾಪಾರಿ ಬುದ್ಧಿ ಹೊಳೆಯಿತು. ಖರೇ ಮಾತೊಂದನ್ನು ಬಿಟ್ಟು ಬೇರೆ ಏನನ್ನಾದರೂ ಕೊಟ್ಟು ಲೆಕ್ಕ ಸರಿ ಮಾಡಬೇಕು. ಈ ವರ್ಷ ಅದಕ್ಕೆ ಸಂದರ್ಭವೂ ಬಂತು. ಬೆಳಗಾವಿಯ ಸದಾಶಿವನಗರದಲ್ಲಿರುವ ಅವನ ತಂಗಿಯ ಮಗ ತುಷಾರನಿಗೆ ಕಾರು ಓಡಿಸುವ ಹುಚ್ಚು. ಬೆಳಗಾವಿಯ ಹೊರಗಿನ ಬಯಲಿನಲ್ಲಿ ಮನೆಯಲ್ಲೇ ಕಟ್ಟಿದ ಕಾರುಗಳ ಓಟವಿತ್ತು; ಕಾರಿನ ತೂಕ ಐನೂರು ಕಿಲೋ ಒಳಗಿರಬೇಕು, ಉಳಿದಿದ್ದು ಹತ್ತೊಂಬತ್ತು ದಿನ. ಬಿಂದುಮಾಧವ ಅವನನ್ನು ಕರೆದುಕೊಂಡು ಖಾನಾಪುರಕ್ಕೆ ಹೋದ.

"ನನಗ ಕಾರು ಮಾಡಾಕ ಬರಂಗಿಲ್ಲರೀ ಸಾವ್ಕಾರ್ರ," ಎಂದಳು ಮಾಯಕ್ಕ.

"ಹಗುರ ಗಾಡಿ ಮಾಡ್ಲಿಕ್ಕೆ ಬರ್ತದಲ್ಲ?"

"ಗಾಡಿಗೆ ಎತ್ತು ಇರ್ತಾವ. ಎತ್ತಿಗೆ ಬುದ್ಧಿ ಇರ್ತೈತಿ. ಇದಕ್ಕ ನಿಮ್ಮ ಅಳಿಯಾ ಇರ್ತಾನ."

ತುಷಾರ ನಕ್ಕ. ಅವಳು ನಗಲಿಲ್ಲ. ಸೊಂಟದ ಚೀಲ ಮುಟ್ಟಿಕೊಂಡು ಹೇಳಿದಳು: "ಮಾಡ್ತೇನಿ. ಆದ್ರ ಒಂದು. ಗೆರಿ ಮ್ಯಾಲ ಗಾಲಿಗೆ ನಟ್ಟು ನಾನಽ ಹಾಕಾಕಿ. ಎಲ್ಲಾರೂ ನೋಡ್ಬೇಕು. ಖಾನಾಪುರದ ಮಂದೀನೂ ಬಂದು ನೋಡ್ಬೇಕು. ಇದಽ ನನ್ನ ಕೂಲಿ ಅಂತ ತಿಳೀರಿ."

ಬಿಂದುಮಾಧವ ಒಪ್ಪಿದ. ಅಗ್ಗವಾಯಿತು ಎಂದುಕೊಂಡ.

ಮೊದಲ ದಿನವೇ ಒಂದು ಹಳೆ ಮಾರುತಿ ಕಾರನ್ನು ತಂದು ಅವಳ ಮುಂದೆ ನಿಲ್ಲಿಸಿದರು. ಅವಳು ಅದನ್ನು ಬಿಚ್ಚಲಿಲ್ಲ, ಕೊಂದಳು. ಗ್ಯಾಸಿನ ಜ್ವಾಲೆ ಹಿಡಿದು ಕಂಬ ಕಂಬ ಕತ್ತರಿಸಿ ಛಾವಣಿಯನ್ನು ತಲೆ ಕಡಿದಂತೆ ಉರುಳಿಸಿದಳು. ಗಾಜಿಗೆ ಸುತ್ತಿಗೆಯ ಹಿಂಬದಿ. ಬಾಗಿಲುಗಳನ್ನು ಕಾಲಿನಿಂದ ಒದ್ದು ಕಿತ್ತಳು. ಎಂಜಿನ್ನನ್ನು ಸರಪಳಿಗೆ ನೇತುಹಾಕಿದಾಗ ಅದರಿಂದ ಕರಿಎಣ್ಣೆ ತೊಟ್ಟಿಕ್ಕುತ್ತಿತ್ತು. ಸಂಜೆ ಹೊತ್ತಿಗೆ ಶೆಡ್ಡು ಕಟುಕನ ಅಂಗಡಿಯಂತಿತ್ತು.

ಆಮೇಲೆ ತೆಳು ಪೈಪಿನ ಚೌಕಟ್ಟು ಎದ್ದಿತು. ಎಂಜಿನ್ನು ಸೀಟಿನ ಹಿಂದೆ ಕೂತಿತು. ಪ್ರತಿಯೊಂದು ಸಾಮಾನನ್ನೂ ಕೈಯಲ್ಲಿ ಎತ್ತಿ, "ಇದು ಯಾಕ ಬೇಕು?" ಎಂದು ಅವಳು ತುಷಾರನನ್ನು ಕೇಳುವಳು. ಅವಳ ಸುತ್ತಿಗೆ ಮೇಲೇರುವಷ್ಟರಲ್ಲಿ ಉತ್ತರ ಬರದಿದ್ದರೆ ಆ ಸಾಮಾನು ಉಳಿಯುತ್ತಿರಲಿಲ್ಲ.

"ಬಾಗಿಲಾ ಬ್ಯಾಡೇನು?"

"ಜಿಗದು ಕುಂದರು. ಮದುವಿ ವರ ಏನು ನೀ?"

ಹನ್ನೊಂದನೇ ದಿನ ಬಗ್ಗಿಸಿ ಕಟ್ಟಿದ್ದ ಪೈಪೊಂದು ಹಗ್ಗ ಹರಿದುಕೊಂಡು ಚಿಮ್ಮಿ ತುಷಾರನ ಹುಬ್ಬನ್ನು ಸೀಳಿತು. ಮುಖವೆಲ್ಲ ರಕ್ತ. ಅವಳು ತನ್ನ ಸೆರಗಿನಿಂದ ಒತ್ತಿ ಹಿಡಿದು ನೋಡಿದಳು. "ಕಣ್ಣು ಐತಿ. ಹೋಗಿ ಹೊಲಿಸ್ಕೊಂಡು ಬಾ, ಬರುವಾಗ ನಾಲ್ಕು ಬೋಲ್ಟು ತಾ." ನಾಲ್ಕು ಹೊಲಿಗೆ, ನಾಲ್ಕು ಬೋಲ್ಟು, ಅವನು ಎರಡನ್ನೂ ತಂದ. ಹದಿನಾರನೇ ದಿನ ಕಬ್ಬಿನ ಲಾರಿ ತೂಗುವ ಕಾಟಾದ ಮೇಲೆ ಕಾರು ನಾನೂರಾ ಮೂವತ್ತೆಂಟು ಕಿಲೋ ತೂಗಿತು. ಬಿಂದುಮಾಧವ ಕೈ ತಟ್ಟಿದ. ಅವಳು ಕಾರನ್ನು ವಾಪಸು ತಂದು ಇನ್ನೂ ಒಂಬತ್ತು ಕಿಲೋ ಕೊರೆದು ಹಾಕಿದಳು.

ಅಷ್ಟರಲ್ಲಿ ಸಂಜಯ ಒಮ್ಮೆ ಬಂದು ಹೋಗಿದ್ದ. ಶೀತಲನ ಅಣ್ಣ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತ ಹಿಡಿದು ಬಾಗಿಲಲ್ಲಿ ನಿಂತ. ಮೊದಲು ತಾಡಪಾಲಿನ ಹಗ್ಗ ಕಡಿದ, ಆಮೇಲೆ ಬಾಗಿಲ ಚೌಕಟ್ಟಿಗೆ ಎರಡು ಏಟು ಹಾಕಿದ. ಮರದ ಚೂರುಗಳು ಅವಳ ಕಾಲಬಳಿ ಬಿದ್ದವು.

"ಭಾನುವಾರ ನೀ ಗೆರಿ ಮ್ಯಾಲ ನಿಂದರ್ತೀ ಅಂತ ಕೇಳೇನಿ," ಎಂದ. "ನನ್ನ ತಮ್ಮ ನಿಂತಾನೇನು?"

"ನಾ ಕಡಾಣಿ ಹಾಕಿದ್ದೆ, ಸಂಜಯಾ."

"ಆಯೀ ಶಪ್ಪತ್, ನಮ್ಮವ್ವನ ಆಣಿ, ಇನ್ನೊಮ್ಮಿ ಆ ಮಾತು ಆಡಿದ್ರ ಇದಽ ಕೊಯ್ತ ನಿನ್ನ ಕುತ್ತಿಗ್ಯಾಗ."

ಬಿಂದುಮಾಧವ ಆಗ ಅಲ್ಲೇ ಬೇರಿಂಗಿನ ಡಬ್ಬಿಯ ಮೇಲಿನ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಕಾರು ಶೆಡ್ಡಿನ ಅಂಗಳದಲ್ಲಿ ನಾಲ್ಕು ಚಕ್ರದ ಮೇಲೆ ನಿಂತಿತ್ತು. ಮುಂದಿನ ಎರಡು ಚಕ್ರಗಳನ್ನು ಸುಮ್ಮನೆ ಒತ್ತಿ ಕೂರಿಸಿದ್ದಳು. ಚಕ್ರಕ್ಕೊಂದರಂತೆ ನಡುವೆ ಬಿಗಿಯುವ ಅವುಗಳ ಎರಡು ದೊಡ್ಡ ನಟ್ಟುಗಳು ಸೊಂಟದ ಚೀಲದಲ್ಲಿದ್ದವು. ತುಷಾರ ಹೆಲ್ಮೆಟ್ಟು ತರಲು ಬೆಳಗಾವಿಗೆ ಹೋಗಿದ್ದ, ಬಿಂದುಮಾಧವ ಅಂಗಳದಲ್ಲೇ ಇದ್ದ. ಸಂಜಯ ಈ ಸಲ ಕೊಯ್ತ ತರಲಿಲ್ಲ, ಸಲಾಕಿ ತಂದ.

ಮೊದಲ ಏಟಿಗೆ ಕಾರಿನ ಮೂತಿಯ ತಗಡು ಒಳಸೇರಿತು. ಎರಡನೆಯದಕ್ಕೆ ದೀಪ ಹೋಯಿತು. ಮೂರನೆಯ ಏಟಿಗೆ ಮಾಯಕ್ಕ ಅಡ್ಡ ಬಂದಳು. ಸಲಾಕಿ ಅವಳ ಎಡಮುಂಗೈಗೆ ಬಿತ್ತು. ಹಸಿ ಜಾಲಿಯ ಟೊಂಗೆ ಮುರಿದ ಸದ್ದಾಯಿತು. ಅವಳು ಬಲಗೈಯ ಸುತ್ತಿಗೆಯಿಂದ ಅವನ ಮೊಣಕಾಲಿಗೆ ಬಾರಿಸಿದಳು. ಅವನು ಕುಂಟುತ್ತ ಹಿಂದೆ ಸರಿದು, ಬಾಗಿಲಿಲ್ಲದ ಕಾರಿನೊಳಗೆ ಬಿದ್ದು, ಎಂಜಿನ್ನು ಚಾಲೂ ಮಾಡಿದ. ಅಂಗಳದಾಚೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ತಿರುವು, ತಿರುವಿನ ಕೆಳಗೆ ಮಲಪ್ರಭಾ ಹೊಳೆ.

"ಇದನ್ನ ಹೊಳ್ಯಾಗ ಹಾಕ್ತೇನಿ!"

ಅವಳು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಕಾರಿನ ಮುಂದೆಯೇ ಬಂದು ನಿಂತಳು. "ಇಳಿ. ಮುಂದಿನ ಗಾಲಿಗೆ ನಟ್ಟಿಲ್ಲ. ಸಾಯ್ತೀ."

"ಶೀತಲಗೂ ಹಿಂಗಽ ಹೇಳಿದ್ದಿ. ಹಾಕೇನಿ ಅಂದಿ, ಹಾಕಿರಲಿಲ್ಲ. ಈಗ ಇಲ್ಲ ಅಂತೀ, ಇರ್ತಾವ."

"ಇಲ್ಲೋ ಹುಚ್ಚಾ! ಇಲ್ಲಿ ನೋಡು!" ಚೀಲದಿಂದ ನಟ್ಟು ತೆಗೆದು ಎತ್ತಿ ತೋರಿಸಿದಳು.

"ನಿನ್ನ ಚೀಲದಾಗ ನಟ್ಟಿಗೇನು ಬರ ಐತೇನು?"

ಅವನು ಗೇರು ಹಾಕಿದ. ಅವಳು ಸರಿಯಲಿಲ್ಲ. ಕಾರಿನ ಮೂತಿ ಅವಳ ತೊಡೆಗೆ ಬಡಿದು ಅವಳನ್ನು ಪಕ್ಕಕ್ಕೆ ಎಸೆಯಿತು. ಮೂವತ್ತು ವರ್ಷ ಪ್ರತಿ ಮಾತನ್ನೂ ತಕ್ಕಡಿಗೆ ಹಾಕಿಯೇ ಹೊರಬಿಟ್ಟವನು ಬಿಂದುಮಾಧವ. ಆ ಕ್ಷಣ ತಕ್ಕಡಿ ಕೈಗೆ ಸಿಗಲಿಲ್ಲ.

"ಸಂಜಯಾ! ಅಕಿ ಕಡಾಣಿ ಹಾಕಿದ್ಲೋ! ಅಚ್ಚು ಮುರೀತು. ತುಂಡು ನನ್ನ ಅಂಗಡ್ಯಾಗ ಅದ, ಕಡಾಣಿ ಇನ್ನೂ ಅದರಾಗಽ ಅದ. ಆ ಕೆಟ್ಟ ಅಚ್ಚು ನಾ ಮಾರಿದ್ದು!"

ಸಂಜಯನ ಕಾಲು ಕ್ಲಚ್ಚಿನಿಂದ ಜಾರಿತು. ಕಾರು ಒಮ್ಮೆ ಕುಪ್ಪಳಿಸಿ ಸತ್ತಿತು. ಆ ಕುಪ್ಪಳಿಕೆಗೇ ಎಡಗಡೆಯ ಮುಂಚಕ್ರ ಕಳಚಿ, ತನ್ನಷ್ಟಕ್ಕೆ ಇಳಿಜಾರಿನಲ್ಲಿ ಉರುಳಿ, ತಿರುವು ತೆಗೆದುಕೊಳ್ಳದೆ ನೇರ ಹೋಗಿ ಹೊಳೆಯ ದಂಡೆಯ ಕಲ್ಲಿಗೆ ಬಡಿಯಿತು. ಕಾರು ಮೂತಿ ಊರಿ ಕೂತಿತು.

ಸಂಜಯ ಇಳಿದು ಚಕ್ರ ಕಳಚಿದ ಅಚ್ಚಿನ ಬೋಳು ತುದಿಯನ್ನು ನೋಡಿದ. ಆಮೇಲೆ ಬಿಂದುಮಾಧವನನ್ನು ನೋಡಿದ. ಸಲಾಕಿಯ ಮೊದಲ ಏಟು ಭುಜದ ಎಲುಬನ್ನು ಮುರಿಯಿತು. ಎರಡನೆಯದು ಬಾಯಿಗೆ, ಎರಡು ಹಲ್ಲು ಅಂಗಳದ ಲೋಹದ ಪುಡಿಯಲ್ಲಿ ಬಿದ್ದವು. ಎರಡೂ ಏಟನ್ನು ಮಾಯಕ್ಕ ಎದ್ದು ನಿಂತು ನೋಡಿದಳು. ಮೂರನೆಯದಕ್ಕೆ ಬಲಗೈ ಚಾಚಿ ಸಲಾಕಿಯನ್ನು ಗಾಳಿಯಲ್ಲೇ ಹಿಡಿದಳು.

"ಸಾಕು ಬಿಡು."

"ಬಿಡಾಕ ಇಂವ ನಿನಗ ಏನಾಗ್ಬೇಕು?"

"ಇಂವ ಸತ್ರ ನಾಳಿ ಮಂದಿ ಮುಂದ ಹೇಳಾಂವ ಯಾಂವ?"

ಸಂಜಯ ಸಲಾಕಿ ಬಿಟ್ಟ. ಅವಳು ಅದನ್ನು ಬದಿಗೆ ಎಸೆದು, ಬಿಂದುಮಾಧವನ ಕೆನ್ನೆಗೆ ಒಂದು ಬಿಟ್ಟಳು. ಸಲಾಕಿಯ ಎರಡು ಏಟಿಗಿಂತ ಅದೇ ಹೆಚ್ಚು ದಿನ ನೆನಪಿನಲ್ಲಿ ಉಳಿಯಿತು. "ಇದು ನಂದು," ಎಂದಳು. ಆಮೇಲೆ ಸಂಜಯನ ಕಡೆ ತಿರುಗಿ ಒಳಸೇರಿದ ಮೂತಿಯನ್ನು ತೋರಿಸಿದಳು. "ಒಡದಾಂವಽ ನೆಟ್ಟಗ ಮಾಡು. ನನಗ ಒಂದಽ ಕೈ ಐತಿ."

ಅವನು ಹೋಗಿ ಚಕ್ರ ಹೊತ್ತು ತಂದ. ಅವಳು ಕೈಗೆ ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ತಗಡಿನ ಮುಂದೆ ಕೂತು ಬಡಿಯುತ್ತಿದ್ದ. ಒಮ್ಮೆ ಬಡಿಯುವುದನ್ನು ನಿಲ್ಲಿಸಿ ಮುಖ ಮುಚ್ಚಿಕೊಂಡ. ಅವಳು ಸಣ್ಣ ಸುತ್ತಿಗೆಯನ್ನು ಕಸಿದು ದೊಡ್ಡದನ್ನು ಕೊಟ್ಟಳು.

ಭಾನುವಾರ ಖಾನಾಪುರದಿಂದ ಒಂದು ಟೆಂಪೋ ತುಂಬ ಜನ ಬಂದರು. ಕರೆತಂದವನು ಸಂಜಯ. ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಭುಜ ಕಟ್ಟಿಸಿಕೊಂಡು ಬಂದ ಬಿಂದುಮಾಧವ ಅಚ್ಚಿನ ತುಂಡನ್ನು ಕಾರಿನ ಮೂತಿಯ ಮೇಲಿಟ್ಟು, ಎರಡು ಹಲ್ಲು ಹೋದ ಬಾಯಿಯಿಂದ, ಯಾವಾಗ ಮಾರಿದೆ, ಯಾಕೆ ಮುಚ್ಚಿಟ್ಟೆ ಎಂಬುದನ್ನೆಲ್ಲ ಹೇಳಿದ. ಮೊದಲು ಒಂದು ಚಪ್ಪಲಿ ಬಂತು. ಆಮೇಲೆ ಮೂವರು ಬಂದರು. ಓಟ ನಡೆಸುವವರು ಅವರನ್ನು ಬಿಡಿಸುವ ಹೊತ್ತಿಗೆ ಅವನ ಅಂಗಿ ಹರಿದು, ಕಿವಿಯಿಂದ ರಕ್ತ ಇಳಿಯುತ್ತಿತ್ತು. ಎರಡು ವರ್ಷದ ಹಿಂದೆ ಅವಳನ್ನು ಒದ್ದ ಕಾಲುಗಳಲ್ಲಿ ಕೆಲವು ಅಲ್ಲಿಯೂ ಇದ್ದವು; ಅವಕ್ಕೆ ಒದೆಯುವುದಷ್ಟೇ ಗೊತ್ತು, ಯಾರನ್ನು ಎಂಬುದು ಬೇರೆಯವರು ಹೇಳಬೇಕು.

ಮಾಯಕ್ಕ ಗೆರೆಯ ಮೇಲೆ ನಿಂತಳು. ಎರಡು ನಟ್ಟುಗಳನ್ನು ಒಂದೇ ಕೈಯಲ್ಲಿ ಎತ್ತಿ, ಖಾನಾಪುರದವರ ಕಡೆಗೆ ನಿಧಾನಕ್ಕೆ ತಿರುಗಿಸಿ ತೋರಿಸಿದಳು. ಮಂಡಿಯೂರಿ, ನಟ್ಟು ಬಿಗಿಯುವ ಪಾನಾವನ್ನು ಬಲಗೈಯಿಂದ ತಿರುಗಿಸಿ, ಎದೆಯ ಭಾರ ಹಾಕಿ ಬಿಗಿದಳು. ಎದ್ದು ತುಷಾರನ ಹೆಲ್ಮೆಟ್ಟಿನ ಮೇಲೆ ಮೊಟಕಿದಳು. "ಹೋಗು. ಎತ್ತಿನಷ್ಟರ ಬುದ್ಧಿ ಇಟ್ಕೊಂಡು ಹೊಡಿ."

ಅವನು ಅಷ್ಟು ಇಟ್ಟುಕೊಳ್ಳಲಿಲ್ಲ. ದಾರಿ ಗುರುತಿನ ಎರಡು ಕಂಬ ಉರುಳಿಸಿ ನಾಲ್ಕನೆಯವನಾಗಿ ಬಂದ. ಚಕ್ರಗಳು ನಾಲ್ಕೂ ಇದ್ದ ಜಾಗದಲ್ಲೇ ಇದ್ದವು.

ಆ ವಾರವೇ ಇಬ್ಬರು ಶರ್ಯತ್ತಿನ ಗಾಡಿ ಕೇಳಿಕೊಂಡು ಅವಳ ಶೆಡ್ಡಿಗೆ ಬಂದರು. ಒಬ್ಬನನ್ನು ಒಳಗೆ ಕರೆದಳು. ಇನ್ನೊಬ್ಬ ಹಿಂದೆ ಅವಳ ಮೇಲೆ ಬಾರುಕೋಲು ಎತ್ತಿದವನು. ಅವನನ್ನು ಸಂಜೆವರೆಗೆ ಬಿಸಿಲಲ್ಲಿ ನಿಲ್ಲಿಸಿ ಆಮೇಲೆ ಕರೆದಳು. ಬಿಂದುಮಾಧವ ಪೊಲೀಸರಿಗೆ ಹೇಳಿಕೆ ಕೊಟ್ಟ. ಶೀತಲನ ಸಾವಿಗೆ ಅವನು ಏನು ತೆರಬೇಕೆಂಬುದನ್ನು ಕೋರ್ಟು ಹೇಳುತ್ತದೆ. ಮಾಯಕ್ಕನ ವಿಷಯಕ್ಕೆ ಕೋರ್ಟು ಬೇಕಿಲ್ಲ. ಅವಳಿಂದ ಕಿತ್ತುಕೊಂಡ ಎರಡು ವರ್ಷವನ್ನು ಬಿಂದುಮಾಧವ ಅವಳಿಗೆ ಬಾಕಿ ಇದ್ದಾನೆ.